ಡಬ್ಬಿಯಲ್ಲಿ ಇಲ್ಲದ ಗಾಡಿಗೂ ಆಟದಲ್ಲಿ ಜಾಗ ಬೇಕು

1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಅನ್ನೋ ಕಂಪನಿ ಒಂದು ಹೊಸ ಆಟದ ಪುಸ್ತಕ ಹೊರತಂದಿತು. ಆಟದ ಹೆಸರು ವಾರ್‌ಹ್ಯಾಮರ್ 40,000. ಬರೆದವರು ರಿಕ್ ಪ್ರೀಸ್ಟ್ಲಿ. ಮೇಜಿನ ಮೇಲೆ ಹೆಬ್ಬೆರಳೆತ್ತರದ ಸೈನಿಕರನ್ನು ನಿಲ್ಲಿಸಿ, ಅಳತೆ ಟೇಪು ಹಿಡಿದು, ದಾಳ ಹಾಕಿ ಆಡುವ ಯುದ್ಧದಾಟ ಅದು. ಕಥೆ ನಡೆಯುವುದು ಇನ್ನು ಮೂವತ್ತೆಂಟು ಸಾವಿರ ವರ್ಷ ಕಳೆದ ಮೇಲೆ. ಸೈನಿಕರ ಗೊಂಬೆಗಳೇನೋ ಮಾರಾಟಕ್ಕಿದ್ದವು. ಆದರೆ ಪ್ಲಾಸ್ಟಿಕ್ ಗಾಡಿಯ ಕಿಟ್ ಆಗ ಕಂಪನಿಯ ಬಳಿ ಒಂದೂ ಇರಲಿಲ್ಲ. ಆಗ ಕಂಪನಿಯವರೇ ತಮ್ಮ ಪ್ರಕಟಣೆಯಲ್ಲಿ ಒಂದು ದಾರಿ ತೋರಿಸಿದರು. ಕಂಕುಳಿಗೆ ಹಚ್ಚುವ ಡಿಯೋಡರೆಂಟಿನ ಖಾಲಿ ಡಬ್ಬಿ ತಗೊಳ್ಳಿ, ಅಡ್ಡ ಮಲಗಿಸಿ, ಬೇರೆ ಕಿಟ್‌ಗಳಲ್ಲಿ ಉಳಿದ ಬಿಡಿಭಾಗ ಅಂಟಿಸಿ, ಬಣ್ಣ ಬಳಿಯಿರಿ. ನೆಲ ಮುಟ್ಟದೆ ತೇಲುವ ಯುದ್ಧವಾಹನ ತಯಾರು.

ಆ ಡಬ್ಬಿ ಗಾಡಿ ಇವತ್ತಿಗೂ ಆಟಗಾರರ ಬಾಯಲ್ಲಿ ದಂತಕಥೆ. ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಪಟ್ಟಿಗೆ ಸೇರಿತು. ನಾಟಿಂಗ್‌ಹ್ಯಾಮ್ ನಗರದಲ್ಲಿ ಕಾರ್ಖಾನೆ, ಪ್ರಪಂಚದ ತುಂಬ ಅಂಗಡಿ. ಆದರೆ ಅದರ ಈಗಿನ ನಿಯಮ ಪುಸ್ತಕ ತೆರೆದರೆ, ಕಂಪನಿ ಡಬ್ಬಿಯಲ್ಲಿಟ್ಟು ಮಾರದ ಗಾಡಿಗೆ ಅಲ್ಲಿ ಹೆಚ್ಚುಕಮ್ಮಿ ಜಾಗವೇ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಸರಿಯಲ್ಲ. ದುಡ್ಡು ಕೊಟ್ಟು ತಂದ ಕಿಟ್ಟಿನಲ್ಲಿ ಉಳಿದ ಚೂರು ನನ್ನದು, ಅದರಿಂದ ಕಟ್ಟಿದ ಗಾಡಿಯೂ ನನ್ನದು. ಅದನ್ನು ಆಟಕ್ಕೆ ಇಳಿಸುವ ಬಾಗಿಲು ಮುಚ್ಚಿದರೆ ಆಟದ ಅರ್ಧ ಜೀವ ಹೋದ ಹಾಗೆ.

ಇಂಗ್ಲೆಂಡಿನ ಗೊಂಬೆಯಾಟದ ತಕರಾರು ನಮಗೇಕೆ ಅಂತ ಕೇಳುವವರಿಗೆ ಒಂದು ಮಾತು. ನಾನು ಈ ಆಟ ಆಡುವ ಊರಿನವನಲ್ಲ. ಸಂಜೆ ಸುದ್ದಿ ಕಳಿಸಿ ಮುಗಿಸಿದ ಮೇಲೆ ಫೋನಿನಲ್ಲಿ ಈ ಗಾಡಿ ಕಟ್ಟುವವರ ವಿಡಿಯೋ ನೋಡುತ್ತೇನೆ, ಅಷ್ಟೇ. ನೋಡುತ್ತಾ ನೋಡುತ್ತಾ ಇದು ಗುರುತಿನ ಕೆಲಸ ಅನ್ನಿಸಿತು. ಜೋಳದ ದಂಟಿನ ಬೆಂಡು ಸಿಬಿರಿನಿಂದ ಬಂಡಿ ಕಟ್ಟಿದವರು, ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ಗಾಲಿ ಮಾಡಿ ಓಡಿಸಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಅವರು ಮಾಡುವುದೂ ಅದೇ. ಸಾಮಾನು ಮಾತ್ರ ಬೇರೆ.

ಮೊದಲು ಈ ಚೂರುಗಳು ಎಲ್ಲಿಂದ ಬರುತ್ತವೆ ಅಂತ ತಿಳಿದುಕೊಳ್ಳೋಣ. ಮಾಡೆಲ್ ಕಿಟ್ ಅಂದರೆ ಜೋಡಿಸಿದ ಗೊಂಬೆಯಲ್ಲ. ಡಬ್ಬಿ ತೆರೆದರೆ ಕಿಟಕಿಯ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳು. ಅವನ್ನು ಸ್ಪ್ರೂ ಅನ್ನುತ್ತಾರೆ. ಅದಕ್ಕೆ ಮಾವಿನ ಗೊಂಚಲಿಗೆ ಕಾಯಿ ಜೋತುಬಿದ್ದ ಹಾಗೆ ಗಾಲಿ, ಬಾಗಿಲು, ಕೊಳವೆ, ತೋಪು, ಸೈನಿಕನ ತಲೆ ಎಲ್ಲ ಅಂಟಿಕೊಂಡಿರುತ್ತವೆ. ಒಂದೊಂದಾಗಿ ಕತ್ತರಿಸಿ, ಅಂಚು ಕೆರೆದು, ಅಂಟಿಸಬೇಕು. ಒಂದೇ ಟ್ಯಾಂಕಿಗೆ ಎರಡು ಮೂರು ಬಗೆಯ ತೋಪು ಕೊಟ್ಟಿರುತ್ತಾರೆ. ನೀವು ಹಾಕುವುದು ಒಂದನ್ನೇ, ಮಿಕ್ಕವು ಉಳಿಯುತ್ತವೆ. ಹತ್ತು ಸೈನಿಕರ ಡಬ್ಬಿಯಲ್ಲಿ ಹತ್ತಕ್ಕಿಂತ ಹೆಚ್ಚು ತಲೆಗಳಿರುತ್ತವೆ. ವರ್ಷಗಟ್ಟಲೆ ಆಡಿದವರ ಮನೆಯಲ್ಲಿ ಇಂಥ ಉಳಿಕೆಗಳದ್ದೇ ಒಂದು ಡಬ್ಬಿ ತುಂಬಿರುತ್ತದೆ. ಗ್ಯಾರೇಜಿನವರ ಹಳೇ ನಟ್ಟು ಬೋಲ್ಟಿನ ಡಬ್ಬಿ ಇದ್ದ ಹಾಗೆ. ಯಾವತ್ತೋ ಬೇಕಾಗುತ್ತದೆ ಅಂತ ಎಸೆಯುವುದಿಲ್ಲ.

ಬೇರೆ ಬೇರೆ ಕಿಟ್ಟಿನ ಭಾಗ ಕೂಡಿಸಿ ಹೊಸದೊಂದು ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಕಿಟ್‌ಬ್ಯಾಶ್ ಅಂತಾರೆ. ಇದು ಆಟಗಾರರು ಹುಟ್ಟಿಸಿದ್ದಲ್ಲ. 1965ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಥಂಡರ್‌ಬರ್ಡ್ಸ್ ಅನ್ನೋ ಗೊಂಬೆ ಧಾರಾವಾಹಿ ಬಂತು. ಅದರ ರಾಕೆಟ್ಟು, ವಿಮಾನಗಳನ್ನು ಮಾಡಿಸಿದ ಡೆರೆಕ್ ಮೆಡ್ಡಿಂಗ್ಸ್ ಮತ್ತು ಅವರ ತಂಡದವರು ಅಂಗಡಿಯ ಮಾಡೆಲ್ ಕಿಟ್ ಒಡೆದು ಚೂರುಗಳನ್ನು ಮೈಮೇಲೆ ಅಂಟಿಸುತ್ತಿದ್ದರು. ಬರೀ ನುಣುಪು ಮೈ ಗೊಂಬೆಯ ಹಾಗೆ ಕಾಣುತ್ತದೆ. ಅದಕ್ಕೆ ಕೊಳವೆ, ಮುಚ್ಚಳ, ತಿರುಪು ಅಂಟಿದ ಕೂಡಲೇ ನಿಜವಾದ ಯಂತ್ರದ ಹಾಗೆ ಕಾಣುತ್ತದೆ. 1977ರ ಸ್ಟಾರ್ ವಾರ್ಸ್ ಸಿನಿಮಾದ ಮಿಲೇನಿಯಂ ಫಾಲ್ಕನ್ ಹಡಗನ್ನು ಹತ್ತಿರದಿಂದ ನೋಡಿದರೆ ಟ್ಯಾಂಕಿನ ಚೂರು, ರೇಸ್ ಕಾರಿನ ಚೂರು ಎಲ್ಲ ಸಿಗುತ್ತವೆ. ಆಕಾಶದಲ್ಲಿ ಹಾರಿದ್ದು ಅಂಗಡಿಯ ಕಿಟ್ಟಿನ ಚೂರೇ.

ನಿಜವಾದ ಯುದ್ಧದ ಗಾಡಿಗಳೂ ಎಷ್ಟೋ ಸಲ ಹೀಗೇ ಹುಟ್ಟಿವೆ. 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಡನ್‌ಕರ್ಕ್ ಬಂದರಿನಲ್ಲಿದ್ದ ಬ್ರಿಟಿಷ್ ನೌಕಾಪಡೆಯ ವಿಮಾನ ದಳದ ಚಾರ್ಲ್ಸ್ ಸ್ಯಾಮ್ಸನ್ ಅನ್ನೋ ಅಧಿಕಾರಿ ಸಾಮಾನ್ಯ ಮೋಟಾರು ಕಾರುಗಳಿಗೆ ಅಲ್ಲಿನ ಹಡಗುಕಟ್ಟೆಯಲ್ಲಿ ಬಾಯ್ಲರಿನ ತಗಡು ಹೊದಿಸಿ, ಮೆಷಿನ್‌ಗನ್ ಕೂರಿಸಿ ಓಡಿಸಿದರು. ಬ್ರಿಟನ್ನಿನ ಶಸ್ತ್ರಸಜ್ಜಿತ ಕಾರುಗಳ ಕಥೆ ಶುರುವಾಗುವುದೇ ಅಲ್ಲಿ. 1944ರ ನಾರ್ಮಂಡಿ ದಾಳಿಗೆ ಪರ್ಸಿ ಹೋಬರ್ಟ್ ಅವರ 79ನೇ ಶಸ್ತ್ರಸಜ್ಜಿತ ಡಿವಿಷನ್ ತಂದ ವಿಚಿತ್ರ ಟ್ಯಾಂಕುಗಳನ್ನು ನೋಡಿ. ಒಂದರ ಮುಂದೆ ತಿರುಗುವ ಉರುಳೆ, ಅದಕ್ಕೆ ಸರಪಳಿಗಳು. ಕಣದಲ್ಲಿ ತೆನೆ ಬಡಿಯುವ ಹಾಗೆ ಸರಪಳಿಗಳು ನೆಲ ಬಡಿದು, ಹೂತಿಟ್ಟ ನೆಲಬಾಂಬುಗಳನ್ನು ದೂರದಲ್ಲೇ ಸಿಡಿಸುತ್ತಿದ್ದವು. ಕೆಳಗಿರುವುದು ಅಮೆರಿಕದ ಶರ್ಮನ್ ಟ್ಯಾಂಕೇ. ಇದ್ದ ಗಾಡಿಗೆ ಬೇಕಾದ್ದು ಕಟ್ಟಿಕೊಂಡಿದ್ದರು.

ಈಗ ಆಟದೊಳಗೆ ಬರೋಣ. ವಾರ್‌ಹ್ಯಾಮರ್ 40,000ದಲ್ಲಿ ಓರ್ಕ್ ಅನ್ನೋ ಹಸಿರು ಮೈಯ ರಾಕ್ಷಸ ಜಾತಿಯಿದೆ. ಅವರ ಗಾಡಿಗಳೆಲ್ಲ ಲೂಟಿಯ ಮಾಲು. ಶತ್ರು ಬಿಟ್ಟುಹೋದ ಟ್ಯಾಂಕಿಗೆ ತಗಡು ಹೊಡೆದು, ಹೊಗೆ ಕೊಳವೆ ಚುಚ್ಚಿ, ಮೇಲೊಂದು ದೊಡ್ಡ ತೋಪು ಇಟ್ಟು ಹೊರಡುತ್ತಾರೆ. ಕೆಂಪು ಬಣ್ಣ ಬಳಿದರೆ ಗಾಡಿ ಜೋರಾಗಿ ಓಡುತ್ತದೆ ಅಂತ ಅವರ ನಂಬಿಕೆ. 2008ರ ಓರ್ಕ್ ಪುಸ್ತಕದಲ್ಲಿ ಇದಕ್ಕೆ ನಿಯಮವೇ ಇತ್ತು, ಕೆಂಪು ಬಳಿದ ಗಾಡಿ ಒಂದು ಇಂಚು ಹೆಚ್ಚು ಓಡುತ್ತಿತ್ತು! ನಮ್ಮ ಲಾರಿ ಮಾಲೀಕರಿಗೆ ಇದು ಹೊಸ ವಿಷಯವೇನಲ್ಲ. ಅದೇ ಪುಸ್ತಕದಲ್ಲಿ ಲೂಟೆಡ್ ವ್ಯಾಗನ್ ಅಂತ ಒಂದು ಗಾಡಿ ಇತ್ತು. ಅದಕ್ಕೆ ಕಂಪನಿ ಕಿಟ್ ಮಾರುತ್ತಿರಲಿಲ್ಲ. ನಿಮ್ಮ ಹತ್ತಿರ ಏನಿದೆಯೋ ಅದರಿಂದ ಕಟ್ಟಿ ತನ್ನಿ, ಆಡಲು ನಿಯಮ ಇಲ್ಲಿದೆ ಅಂತ ಪುಸ್ತಕ ಹೇಳುತ್ತಿತ್ತು. ಪ್ರತಿ ಸರದಿಗೂ ಒಂದು ದಾಳ. ಒಂದು ಬಿದ್ದರೆ ಗಾಡಿ ಹತೋಟಿ ತಪ್ಪಿ ಮೂಗಿನ ನೇರಕ್ಕೆ ನುಗ್ಗಬೇಕು.

ಇಂಥ ಒಂದು ಗಾಡಿ ಹೇಗೆ ಕಟ್ಟುತ್ತಾರೆ ಅನ್ನೋದೇ ನನಗೆ ಬಹಳ ಇಷ್ಟವಾದ ಭಾಗ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೇಕಾದ್ದು ಒಂದು ಮೈ. ಎರಡನೇ ಮಹಾಯುದ್ಧದ ಟ್ಯಾಂಕಿನ 1/35 ಅಳತೆಯ ಕಿಟ್ ಆಗಬಹುದು, ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು. ಆಟದ ಸೈನಿಕರು ಇದಕ್ಕಿಂತ ಕುಳ್ಳು. ಆದರೆ ಕೈ ತಲೆಗಳೆಲ್ಲ ದಪ್ಪ ದಪ್ಪ, ಹಿಡಿದ ಕೋವಿಯೂ ದಪ್ಪ. ಹಾಗಾಗಿ ಲೆಕ್ಕದಲ್ಲಿ ಹೊಂದದ ಅಳತೆ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಇಲ್ಲಿ ಕಟ್ಟುವವರು ನೋಡುವ ಗುರುತು ಬಾಗಿಲು. ಸೈನಿಕನ ಗೊಂಬೆಯನ್ನು ಬಾಗಿಲ ಪಕ್ಕ ನಿಲ್ಲಿಸಿ, ಇವನು ಇದರೊಳಗೆ ತೂರುತ್ತಾನೋ ಇಲ್ಲವೋ ನೋಡುತ್ತಾರೆ. ತೂರದಿದ್ದರೆ ಬಾಗಿಲು ಬದಲಿಸುತ್ತಾರೆ. ಬಾಗಿಲು, ಏಣಿ, ಹಿಡಿಕೆ, ಕೂರುವ ಸೀಟು ಇವು ಸರಿಯಿದ್ದರೆ ಮಿಕ್ಕಿದ್ದು ಎಷ್ಟು ಹುಚ್ಚಾಗಿದ್ದರೂ ನೋಡುವವರು ಒಪ್ಪುತ್ತಾರೆ.

ಆಮೇಲೆ ಚೂರುಗಳನ್ನು ಹರಡಿಕೊಂಡು, ಅಂಟಿಸದೆ ಸುಮ್ಮನೆ ಇಟ್ಟು ಇಟ್ಟು ನೋಡುವುದು. ಚೆನ್ನಾಗಿ ಕಟ್ಟುವವರು ಮತ್ತು ಸುಮ್ಮನೆ ಅಂಟಿಸುವವರು ಬೇರೆಯಾಗುವುದು ಇಲ್ಲೇ. ಚೆನ್ನಾಗಿ ಕಟ್ಟುವವರು ಮೆಕ್ಯಾನಿಕ್ಕಿನ ಪ್ರಶ್ನೆ ಕೇಳುತ್ತಾರೆ. ಎಂಜಿನ್ ಎಲ್ಲಿದೆ? ಹೊಗೆ ಎಲ್ಲಿಂದ ಹೋಗುತ್ತದೆ? ಡ್ರೈವರಿಗೆ ಮುಂದೆ ಏನು ಕಾಣುತ್ತದೆ? ತೋಪು ತಿರುಗಿದರೆ ಹೊಗೆ ಕೊಳವೆಗೆ ಬಡಿಯುತ್ತದೆಯೇ? ಗುಂಡು ತುಂಬುವವನು ಎಲ್ಲಿ ನಿಲ್ಲುತ್ತಾನೆ? ಕಥೆಯ ಗಾಡಿಗೆ ಎಂಜಿನ್ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಈ ಪ್ರಶ್ನೆಗಳಿಗೆ ಉತ್ತರ ಇರುವ ಗಾಡಿ ನಂಬಿಕೆ ಹುಟ್ಟಿಸುತ್ತದೆ, ಇಲ್ಲದ್ದು ಕಸದ ಗುಡ್ಡೆಯ ಹಾಗೆ ಕಾಣುತ್ತದೆ.

ಕಿಟ್ಟಿನ ಚೂರು ಸಾಲದಾದಾಗ ಮನೆ ಸಾಮಾನು ಬರುತ್ತದೆ. ಕಿವಿ ಕಡ್ಡಿಯ ಕೊಳವೆ ತೋಪಿನ ನಳಿಗೆಯಾಗುತ್ತದೆ. ರವಿಕೆಯ ಟಿಚ್ ಬಟನ್ ಗಾಡಿಯ ಮುಚ್ಚಳವಾಗುತ್ತದೆ. ಟೀ ಸೋಸುವ ಜರಡಿಯ ಬಲೆ ಕತ್ತರಿಸಿದರೆ ಎಂಜಿನ್ ಜಾಲರಿ. ಖಾಲಿ ರೀಫಿಲ್, ಕೆಟ್ಟ ಗಡಿಯಾರದ ಹಲ್ಲುಗಾಲಿ, ಗಿಟಾರಿನ ಹಳೇ ತಂತಿ, ಯಾವುದೂ ದಂಡವಾಗುವುದಿಲ್ಲ. ಚೌಕಟ್ಟಿನ ಸರಳುಗಳನ್ನೂ ಬಿಡುವುದಿಲ್ಲ. ಅವನ್ನು ಚೂರು ಮಾಡಿ ಪ್ಲಾಸ್ಟಿಕ್ ಅಂಟಿನ ಬಾಟಲಿಗೆ ಹಾಕಿದರೆ ಕರಗಿ ಗಂಜಿಯಾಗುತ್ತದೆ. ಬಿರುಕು ಮುಚ್ಚಲು ಇದಕ್ಕಿಂತ ಅಗ್ಗದ ಸಾಮಾನಿಲ್ಲ. ತಗಡಿನ ಮೈ ಬೇಕಾದರೆ ತೆಳು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಸಣ್ಣ ಸಣ್ಣ ರಿವೆಟ್ಟು. ಈ ರಿವೆಟ್ಟಿನಲ್ಲಿ ಒಂದು ಗುಟ್ಟಿದೆ: ರಿವೆಟ್ಟು ಸಣ್ಣದಾದಷ್ಟೂ ಗಾಡಿ ದೊಡ್ಡದಾಗಿ ಕಾಣುತ್ತದೆ.

ಅಂಟಿನ ವಿಷಯ ಬಂದಾಗ ನಮ್ಮ ಹುಡುಗರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ವಿಡಿಯೋದಲ್ಲಿ ಇದನ್ನು ಎಲ್ಲರೂ ಹೇಳುವುದಿಲ್ಲ. ಮಾಡೆಲ್ ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರಿನ್. ಅದರ ಅಂಟು ನಿಜವಾಗಿ ಅಂಟಲ್ಲ. ಎರಡೂ ಅಂಚನ್ನು ಕರಗಿಸಿ ವೆಲ್ಡಿಂಗ್ ಮಾಡಿದ ಹಾಗೆ ಒಂದು ಮಾಡುತ್ತದೆ. ನಮ್ಮ ಜಾತ್ರೆಯಲ್ಲಿ ಸಿಗುವ ಮೆದು ಪ್ಲಾಸ್ಟಿಕ್ಕಿನ ಆಟಿಕೆ ಸಾಮಾನ್ಯವಾಗಿ ಬೇರೆ ಜಾತಿಯದು. ಅದರ ಮೇಲೆ ಈ ಅಂಟು ಕೆಲಸ ಮಾಡುವುದಿಲ್ಲ. ಸೂಪರ್ ಗ್ಲೂ ಕೂಡ ಅದನ್ನು ಹಿಡಿದಂತೆ ಮಾಡಿ ಬಿಟ್ಟುಬಿಡುತ್ತದೆ. ಅಂಥದ್ದಕ್ಕೆ ಸಣ್ಣ ತೂತು ಕೊರೆದು ತಂತಿ ತೂರಿಸಿಯೇ ಬಿಗಿಯಬೇಕು. ಅಂಟು ಹಚ್ಚುವಾಗ ಕಿಟಕಿ ತೆರೆದಿರಲಿ, ಬ್ಲೇಡು ಮೈಯಿಂದ ಆಚೆಗೆ ಸರಿಯಲಿ.

ಎಲ್ಲ ಕೂಡಿದ ಮೇಲೂ ಗಾಡಿ ನೋಡಲು ಚಿಂದಿ ಕೌದಿಯೇ. ಒಂದು ಕಿಟ್ಟಿನ ಪ್ಲಾಸ್ಟಿಕ್ ಬೂದಿ, ಇನ್ನೊಂದು ಕೆನೆ ಬಣ್ಣ, ಮತ್ತೊಂದು ಹಸಿರು. ಆಮೇಲೆ ಮೇಲಿಂದ ಒಂದೇ ಬಣ್ಣದ ತೆಳು ಅಸ್ತರಿ ಹೊಡೆಯುತ್ತಾರೆ, ಕಪ್ಪು ಅಥವಾ ಬೂದು. ಆ ಕ್ಷಣದಲ್ಲಿ ಐದಾರು ಡಬ್ಬಿಯ ಚೂರು ಹೋಗಿ ಒಂದೇ ಗಾಡಿ ಎದ್ದು ಬರುತ್ತದೆ. ವಿಡಿಯೋಗಳಲ್ಲಿ ನಾನು ಕಾಯುವುದು ಈ ಒಂದು ನಿಮಿಷಕ್ಕೆ. ಆಮೇಲಿನ ತುಕ್ಕು, ಕೆಸರು, ಎಣ್ಣೆ ಕಲೆಗಳೂ ಚೆಂದವೇ. ಆದರೆ ಅಸ್ತರಿಯ ಮುಂದೆ ಅವು ಎರಡನೆಯವು.

ಇಷ್ಟು ಜೀವ ಇದ್ದ ಕೆಲಸಕ್ಕೆ ಬಾಗಿಲು ಮುಚ್ಚಿಕೊಂಡಿದ್ದು ಹೇಗೆ?

ಒಂದೇ ದಿನ ಆಗಲಿಲ್ಲ. 1988ರಲ್ಲಿ ಕಂಪನಿ ರೈನೋ ಅನ್ನೋ ಸೈನಿಕ ಸಾಗಣೆ ಗಾಡಿಯ ಪ್ಲಾಸ್ಟಿಕ್ ಕಿಟ್ ತಂದಿತು. ಅದೇ ಮೈಯ ಮೇಲೆ ಪ್ರೆಡೇಟರ್, ವರ್ಲ್‌ವಿಂಡ್, ವಿಂಡಿಕೇಟರ್, ರೇಜರ್‌ಬ್ಯಾಕ್ ಎಲ್ಲ ಬಂದವು. ಅಂದರೆ ಕಂಪನಿಯ ಕಥೆಯೊಳಗೂ ಒಂದೇ ಗಾಡಿಯನ್ನು ಮಾರ್ಪಡಿಸಿಕೊಳ್ಳುವುದೇ ಪದ್ಧತಿ. 2000ದ ಆಸುಪಾಸಿನಲ್ಲಿ, ನಿಮ್ಮ ಸ್ವಂತ ಗಾಡಿಗೆ ನೀವೇ ಶಕ್ತಿ ಲೆಕ್ಕ ಹಾಕಿಕೊಳ್ಳುವ ನಿಯಮಗಳನ್ನೂ ಕಂಪನಿ ಅಚ್ಚು ಹಾಕಿತ್ತು. ತಗಡು ಎಷ್ಟು ದಪ್ಪ, ತೋಪು ಎಷ್ಟು ದೊಡ್ಡದು ಅಂತ ಕೂಡಿಸಿದರೆ ಗಾಡಿಗೆ ಎಷ್ಟು ಅಂಕ ಅಂತ ಸಿಗುತ್ತಿತ್ತು.

ಆಮೇಲೆ ಬಂತು ಕೋರ್ಟು. ಚಾಪ್ಟರ್‌ಹೌಸ್ ಸ್ಟುಡಿಯೋಸ್ ಅಂತ ಅಮೆರಿಕದ ಒಂದು ಚಿಕ್ಕ ಸಂಸ್ಥೆ ಈ ಆಟದ ಗೊಂಬೆಗಳಿಗೆ ಹೊಂದುವ ಬಿಡಿಭಾಗ ಮಾಡಿ ಮಾರುತ್ತಿತ್ತು. ಭುಜದ ಕವಚ, ಗಾಡಿಯ ಬಾಗಿಲು, ತಲೆ, ಇಂಥವು. ಗೇಮ್ಸ್ ವರ್ಕ್‌ಶಾಪ್ 2010ರ ಡಿಸೆಂಬರಿನಲ್ಲಿ ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಅದರ ಮೇಲೆ ದಾವೆ ಹಾಕಿತು. ಚಿಕ್ಕ ಸಂಸ್ಥೆ ಮಣಿದುಬಿಡುತ್ತದೆ ಅಂತಲೇ ಎಷ್ಟೋ ಮಂದಿ ಎಣಿಸಿದ್ದರು. ಆದರೆ ವಿನ್‌ಸ್ಟನ್ ಅಂಡ್ ಸ್ಟ್ರಾನ್ ಅನ್ನೋ ದೊಡ್ಡ ವಕೀಲರ ಸಂಸ್ಥೆ ಶುಲ್ಕವಿಲ್ಲದೆ ಅದರ ಪರ ನಿಂತಿತು. 2013ರ ಜೂನಿನಲ್ಲಿ ಜ್ಯೂರಿ ಕೊಟ್ಟಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ತೀರ್ಪು. ಕೆಲವು ವಿಷಯದಲ್ಲಿ ಕಂಪನಿ ಗೆದ್ದಿತು, ಬಹಳ ವಿಷಯದಲ್ಲಿ ಗೆಲ್ಲಲಿಲ್ಲ. ಸಿಕ್ಕ ಪರಿಹಾರ 25,000 ಡಾಲರ್. ಅಂಥ ಕಂಪನಿಗೆ ಅದು ವಕೀಲರ ಚಹಾ ಖರ್ಚು.

ನನಗೆ ಮುಖ್ಯ ಅನ್ನಿಸುವುದು ತೀರ್ಪಲ್ಲ, ಅದರ ಆಸುಪಾಸಿನಲ್ಲಿ ಪುಸ್ತಕಗಳು ಬದಲಾದ ರೀತಿ. 2010ರ ಟೈರನಿಡ್ ಪುಸ್ತಕದಲ್ಲಿ ಮೈಸೆಟಿಕ್ ಸ್ಪೋರ್ ಅಂತ ಆಕಾಶದಿಂದ ಬೀಳುವ ಒಂದು ಚೀಲದಂಥ ವಾಹನ ಇತ್ತು. ಕಂಪನಿ ಅದರ ಗೊಂಬೆ ಮಾರುತ್ತಿರಲಿಲ್ಲ, ಆಟಗಾರರೇ ಕಟ್ಟಿಕೊಳ್ಳುತ್ತಿದ್ದರು. 2014ರ ಹೊಸ ಪುಸ್ತಕದಲ್ಲಿ ಅದು ಮಾಯ. ಅದೇ ವರ್ಷದ ಕೊನೆಯಲ್ಲಿ ಅದೇ ಕೆಲಸ ಮಾಡುವ ವಾಹನ ಬೇರೆ ಹೆಸರಿನಲ್ಲಿ, ಡಬ್ಬಿಯೊಳಗೆ, ಬೆಲೆ ಚೀಟಿಯೊಂದಿಗೆ ಬಂತು. 2014ರ ಓರ್ಕ್ ಪುಸ್ತಕದಲ್ಲಿ ಲೂಟೆಡ್ ವ್ಯಾಗನ್ ಕೂಡ ಇರಲಿಲ್ಲ. ಇಂಪೀರಿಯಲ್ ಗಾರ್ಡ್ ಅಂತಿದ್ದ ಸೈನ್ಯ ಅದೇ ವರ್ಷ ಆಸ್ಟ್ರಾ ಮಿಲಿಟಾರಮ್ ಆಯಿತು. ಮೊದಲನೆಯದು ಯಾರು ಬೇಕಾದರೂ ಬಳಸಬಹುದಾದ ಎರಡು ಸಾದಾ ಪದ. ಎರಡನೆಯದನ್ನು ಬೇರೆಯವರು ಬಳಸಿದರೆ ಸುಲಭವಾಗಿ ಹಿಡಿಯಬಹುದು. ಕಿಟ್ ಇಲ್ಲದಿದ್ದರೆ ನಿಯಮವೂ ಇಲ್ಲ ಅಂತ ಆಟಗಾರರು ಇದಕ್ಕೆ ಹೆಸರಿಟ್ಟರು. ನಾವು ಪುಸ್ತಕದಲ್ಲಿ ಹೆಸರು ಬರೆದು ಗೊಂಬೆ ಮಾಡದೆ ಬಿಟ್ಟರೆ ಮತ್ತೊಬ್ಬ ಮಾಡಿ ಮಾರುತ್ತಾನೆ ಅನ್ನೋ ಅಂಜಿಕೆಯೇ ಇದರ ಹಿಂದಿದೆ ಅಂತ ಆಟಗಾರರ ಲೆಕ್ಕಾಚಾರ. ನನಗೂ ಹಾಗೇ ಕಾಣುತ್ತದೆ.

ಕಂಪನಿಯ ಪರವಾಗಿಯೂ ಮಾತಿದೆ, ಅದನ್ನು ಮುಚ್ಚಿಡಬಾರದು. ಇದು ಎದುರಾಳಿಯಿರುವ ಆಟ. ನನ್ನ ಎದುರು ನಿಂತವನು ನನ್ನ ಗಾಡಿ ನೋಡಿದ ಕೂಡಲೇ ಅದು ಏನು, ಅದರ ಮೇಲಿರುವ ತೋಪು ಯಾವುದು ಅಂತ ತಿಳಿಯಬೇಕು. ಚೌಕಾಬಾರದಲ್ಲಿ ಹುಣಸೆ ಬೀಜ ನಿಮ್ಮದೋ ನನ್ನದೋ ಅಂತ ಗೊತ್ತಾಗದಿದ್ದರೆ ಜಗಳ ಗ್ಯಾರಂಟಿ. ಇನ್ನೊಂದು ಮೋಸವೂ ಇದೆ. ಈ ಆಟದಲ್ಲಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ, ಎದುರಿನ ಗಾಡಿ ಕಾಣುತ್ತದೆಯೋ ಇಲ್ಲವೋ ನೋಡಿ ಗುಂಡು ಹಾರಿಸುತ್ತಾರೆ. ಯಾರಾದರೂ ಬೇಕಂತಲೇ ಗಾಡಿಯನ್ನು ಚಪ್ಪಟೆ ಕಟ್ಟಿದರೆ ಗೋಡೆಯ ಹಿಂದೆ ಅಡಗಿಸಿಟ್ಟು ಗೆಲ್ಲಬಹುದು. ಹಾಗಾಗಿ ದೊಡ್ಡ ಪಂದ್ಯದಲ್ಲಿ ಅಳತೆಗೆ ಕಟ್ಟುಪಾಡು ಇರುವುದು ನ್ಯಾಯವೇ. ಮತ್ತೊಬ್ಬರ ಗೊಂಬೆಯ ಅಚ್ಚು ತೆಗೆದು ನಕಲು ಮಾರುವವರ ಪರವಾಗಿ ನಾನಂತೂ ಮಾತಾಡುವುದಿಲ್ಲ. ಅದು ಆ ಶಿಲ್ಪಿಯ ಅನ್ನ ಕಸಿದ ಹಾಗೆ.

ಆದರೆ ಅಳತೆಗೆ ನಿಯಮ ಮಾಡುವುದು ಬೇರೆ, ಇಲ್ಲವೇ ಇಲ್ಲ ಅನ್ನುವುದು ಬೇರೆ. ಇಷ್ಟು ಉದ್ದ, ಇಷ್ಟು ಎತ್ತರ, ಇಂಥ ತೋಪಿಗೆ ಇಷ್ಟು ಅಂಕ ಅಂತ ಒಂದು ಪುಟ ಬರೆದರೆ ಸಾಕು, ತಕರಾರು ಬಗೆಹರಿಯುತ್ತದೆ. ಅವರೇ ಹಿಂದೆ ಬರೆದಿದ್ದರಲ್ಲ! ನಕಲು ಮಾರುವವನನ್ನು ಹಿಡಿಯಲು ಹೋಗಿ, ತನ್ನ ಊಟದ ಮೇಜಿನ ಮೇಲೆ ಚೂರು ಅಂಟಿಸುವವನ ಆಟ ಕಿರಿದು ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಗೆಳೆಯರ ಜೊತೆ ಹೇಗೆ ಬೇಕಾದರೂ ಆಡಬಹುದು, ಯಾರು ತಡೆಯುತ್ತಾರೆ ಅಂತ ಕೆಲವರು ವಾದಿಸುತ್ತಾರೆ. ನಿಜ. ಆದರೆ ಹೊಸದಾಗಿ ಬರುವ ಹುಡುಗನಿಗೆ ದಾರಿ ತೋರಿಸುವುದು ಪುಸ್ತಕ. ಪುಸ್ತಕ ಬರೀ ಅಂಗಡಿಯ ಪಟ್ಟಿಯಾದರೆ, ಕಟ್ಟಬಹುದು ಅನ್ನೋ ಯೋಚನೆಯೇ ಅವನಿಗೆ ಬರುವುದಿಲ್ಲ.

ನಮ್ಮ ದೇಶದ ಬೀಜದ ಕಾನೂನು ಓದಿದವರಿಗೆ ಈ ಜಗಳ ಹೊಸದಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆ? ನೋಂದಾಯಿತ ತಳಿಯ ಬೀಜವನ್ನೂ ರೈತ ತನ್ನ ಬೆಳೆಯಿಂದ ಎತ್ತಿಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು, ಮಾರಲೂಬಹುದು. ಆದರೆ ಬ್ರ್ಯಾಂಡಿನ ಹೆಸರು ಹಾಕಿ ಮಾರುವ ಹಾಗಿಲ್ಲ. ಎಷ್ಟು ನಾಜೂಕಾಗಿ ಗೆರೆ ಎಳೆದಿದ್ದಾರೆ ನೋಡಿ. ಹೆಸರು ಕಂಪನಿಯದು, ಬೆಳೆ ಬೆಳೆದವನದು. ಪ್ಲಾಸ್ಟಿಕ್ ಗಾಡಿಯ ತಕರಾರಿಗೂ ಇದೇ ಗೆರೆ ಸಾಕಾಗುತ್ತದೆ ಅಂತ ನನ್ನ ಅನಿಸಿಕೆ. ಇದೇ ಜಗಳದ ದೊಡ್ಡಣ್ಣ ಅಮೆರಿಕದ ಹೊಲದಲ್ಲಿ ನಡೆಯುತ್ತಿದೆ. ಕೊಂಡ ಟ್ರ್ಯಾಕ್ಟರನ್ನು ತಾನೇ ರಿಪೇರಿ ಮಾಡಿಕೊಳ್ಳಲು ರೈತನಿಗೆ ಬಿಡುತ್ತಿಲ್ಲ ಅಂತ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಜಾನ್ ಡಿಯರ್ ಕಂಪನಿಯ ಮೇಲೆ ಕೋರ್ಟಿಗೆ ಹೋಯಿತು.

ಬೇರೆ ದಾರಿಯೇ ಇಲ್ಲ ಅಂತೇನೂ ಅಲ್ಲ. 2017ರಲ್ಲಿ ಬ್ರಿಟನ್ನಿನ ಆಸ್ಪ್ರೇ ಪ್ರಕಾಶನ ಗ್ಯಾಸ್‌ಲ್ಯಾಂಡ್ಸ್ ಅನ್ನೋ ಆಟದ ಪುಸ್ತಕ ತಂದಿತು. ಬರೆದವರು ಮೈಕ್ ಹಚಿನ್ಸನ್. ಆ ಆಟ ನಿಂತಿರುವುದೇ ಅಂಗಡಿಯಲ್ಲಿ ಸಿಗುವ ಪುಟಾಣಿ ಆಟಿಕೆ ಕಾರುಗಳ ಮೇಲೆ. ಹಾಟ್ ವೀಲ್ಸ್ ಆಗಲಿ, ಮ್ಯಾಚ್‌ಬಾಕ್ಸ್ ಆಗಲಿ, ಮಕ್ಕಳು ಆಡಿ ಬಿಟ್ಟ ಬಣ್ಣ ಹೋದ ಕಾರಾಗಲಿ, ತಗೊಂಡು ಬನ್ನಿ, ಮುಂದೆ ಕಬ್ಬಿಣದ ಮೂತಿ ಕಟ್ಟಿ, ಮೇಲೆ ಉಳಿದ ಕಿಟ್ಟಿನ ತೋಪು ಅಂಟಿಸಿ, ಆಡಿ. ಯಾವ ತೋಪಿಗೆ ಎಷ್ಟು ಬೆಲೆ, ಯಾವ ಗಾಡಿ ಎಷ್ಟು ತಿರುಗುತ್ತದೆ ಎಲ್ಲಕ್ಕೂ ಪುಸ್ತಕದಲ್ಲಿ ನಿಯಮವಿದೆ. ಕಾರು ಯಾವ ಅಂಗಡಿಯದು ಅಂತ ಯಾರೂ ಕೇಳುವುದಿಲ್ಲ. 2019ರಲ್ಲಿ ತಿದ್ದಿ ಬೆಳೆಸಿದ ಆವೃತ್ತಿಯೂ ಬಂತು. ಎದುರಾಳಿಗೆ ಗಾಡಿ ತಿಳಿಯುವುದಿಲ್ಲ, ಅಳತೆ ಹೊಂದುವುದಿಲ್ಲ ಅನ್ನೋ ವಾದಕ್ಕೆಲ್ಲ ಈ ಪುಸ್ತಕವೇ ಉತ್ತರ.

ನಮ್ಮ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಇಂಥ ಕಾರು ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ವಾರ್‌ಹ್ಯಾಮರಿನ ಒಂದು ಟ್ಯಾಂಕಿನ ಡಬ್ಬಿಗೆ ಸಾವಿರಗಟ್ಟಲೆ ಬೇಕು. ವಿಡಿಯೋ ನೋಡಿ ಆಸೆಪಟ್ಟ ಹುಡುಗರು ಮನೆಯಲ್ಲಿ ಡಬ್ಬಿಗೆ ಹಟ ಹಿಡಿಯುವ ಮೊದಲು ಒಂದು ಹಳೇ ಕಾರಿನಿಂದ ಶುರು ಮಾಡಲಿ. ಕಾರು ತಿರುಗಿಸಿ ನೋಡಿದರೆ ತಳದಲ್ಲಿ ಒಂದೆರಡು ರಿವೆಟ್ಟು ಕಾಣುತ್ತವೆ. ಸಣ್ಣ ಡ್ರಿಲ್ಲಿನಿಂದ ಅವುಗಳ ತಲೆ ಕೊರೆದರೆ ತಳ, ಗಾಲಿ, ಗಾಜು, ಸೀಟು ಎಲ್ಲ ಬಿಡಿಬಿಡಿಯಾಗಿ ಕೈಗೆ ಬರುತ್ತವೆ. ಕೊರೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಲೋಹದ ಪುಡಿ ಹಾರುತ್ತದೆ. ಗಾಜು ತೆಗೆದು ಆ ಜಾಗಕ್ಕೆ ಟೀ ಜರಡಿಯ ಬಲೆ ಇಡಿ. ಖಾಲಿ ರೀಫಿಲ್ಲಿನ ಎರಡು ತುಂಡು ಚಾವಣಿಯ ಮೇಲೆ ಬಿಗಿಯಾದರೆ ಜೋಡಿ ತೋಪು. ಅಸ್ತರಿ ಒಣಗಲು ಒಂದು ರಾತ್ರಿ ಬಿಡಿ, ಮಳೆಗಾಲವಾದರೆ ಎರಡು.